ಅಮಾವಾಸ್ಯೆಯ ಮೊದಲ ಗಾಡಿ

ನನ್ನ ದೊಡ್ಡಪ್ಪನ ಮಗ ಶ್ರೀನಿವಾಸನನ್ನು ಮೆಹದಿಪಟ್ಟಣಂ ಸುತ್ತಲಿನ ಗ್ಯಾರೇಜುಗಳಲ್ಲಿ ‘ಸ್ಕ್ಯಾನರ್ ಸಾಬ್’ ಎಂದು ಕರೆಯುತ್ತಾರೆ. ಮನೆಯಲ್ಲಿ ಅವನು ಶೀನಣ್ಣ. ನಾನು ಒಳಗೊಳಗೇ ಇಟ್ಟುಕೊಂಡಿರುವ ಹೆಸರು ಬೇರೆ. ಅದನ್ನು ಬರೆದರೆ ಅತ್ತಿಗೆ ಸುಹಾಸಿನಿ ಬೇಸರ ಮಾಡಿಕೊಳ್ಳುತ್ತಾಳೆ. ಪಾಪ, ಇಂಥವನ ಜೊತೆ ಇಷ್ಟು ವರ್ಷ ಬಾಳಿದ್ದಾಳೆ ಎಂಬ ಒಂದೇ ಕಾರಣಕ್ಕೆ ಆ ಹೆಸರನ್ನು ನುಂಗಿಕೊಂಡು ಈ ಕಥೆ ಹೇಳುತ್ತೇನೆ.

ಅವನನ್ನು ನೀವು ನೋಡಿದರೆ ಬ್ಯಾಂಕಿನ ಮ್ಯಾನೇಜರ್ ಅಂದುಕೊಳ್ಳುತ್ತೀರಿ. ಬಿಳಿ ಅಂಗಿ, ಗೆರೆ ಮುರಿಯದ ಪ್ಯಾಂಟು, ಹಣೆಯಲ್ಲಿ ಅಂಗಾರ ಅಕ್ಷತೆ. ಗ್ಯಾರೇಜುಗಳಲ್ಲೇ ಅರ್ಧ ಆಯುಷ್ಯ ಕಳೆದವನ ಅಂಗಿಗೆ ಇವತ್ತಿನವರೆಗೂ ಎಣ್ಣೆಯ ಒಂದು ಕಲೆ ತಗುಲಿಲ್ಲ. ಇದನ್ನು ಅವನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ವಾಹನಗಳ ವಿದ್ಯುತ್ ಕೆಲಸ ಕಲಿಸುವ ನನಗೆ ಮಾತ್ರ ಅದು ಅವನ ಮೇಲಿನ ಮೊದಲ ಆರೋಪವಾಗಿ ಕಾಣುತ್ತದೆ. ನಾನು ಬೇಗಂಪೇಟೆಯ ಒಂದು ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಉಪನ್ಯಾಸಕಿ, ಹೆಸರು ಮಂದಾಕಿನಿ. ನನ್ನ ಉಗುರಿನ ಸಂದಿಯಲ್ಲಿ ಸದಾ ಗ್ರೀಸ್ ಇರುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಶೀನಣ್ಣ ನನ್ನ ಪಕ್ಕ ಕೂರುವುದಿಲ್ಲ.

ನಮ್ಮದು ರಾಯಚೂರು ಕಡೆಯಿಂದ ನಿಜಾಮರ ಕಾಲದಲ್ಲೇ ಬಂದ ಮನೆತನ. ಮುತ್ತಜ್ಜ ಪೇಶ್ಕಾರ, ಅಜ್ಜ ಕಂದಾಯ ಕಚೇರಿಯಲ್ಲಿ, ದೊಡ್ಡಪ್ಪ ಲೆಕ್ಕಪತ್ರದ ಕಚೇರಿಯಲ್ಲಿ. ಎಲ್ಲರೂ ಮೇಲಿನಿಂದ ಬಂದ ಹುಕುಂ ಓದಿ, ಕೆಳಗಿದ್ದವರಿಗೆ ಗದರಿಸಿ ಹೇಳಿ, ಕೈ ತೊಳೆದುಕೊಂಡು ಊಟಕ್ಕೆ ಬಂದವರು. ಶೀನಣ್ಣನಿಗೆ ಸರಕಾರಿ ಕೆಲಸ ಸಿಗಲಿಲ್ಲ. ಒಂದು ಕಾರು ಕಂಪನಿಯ ಶೋರೂಮಿನಲ್ಲಿ ಬಿಲ್ ಬರೆಯುತ್ತಿದ್ದ. ಅಲ್ಲಿ ಸ್ಕ್ಯಾನರ್ ಎಂಬ ಯಂತ್ರ ಬಂತು. ಗಾಡಿಗೆ ಚುಚ್ಚಿದರೆ ಪರದೆಯ ಮೇಲೆ ಇಂಗ್ಲಿಷ್ ವಾಕ್ಯ ಬರುತ್ತದೆ, ಅದನ್ನು ಓದಿ ಹೇಳಿದರೆ ಸಾಕು ಎಂದು ಕಂಡುಕೊಂಡ. ಮನೆತನದ ಕಸುಬು ಹೊಸ ವೇಷದಲ್ಲಿ ಸಿಕ್ಕಿತು. ಕೆಲಸ ಬಿಟ್ಟು, ತಾನೇ ಒಂದು ಸ್ಕ್ಯಾನರ್ ಕೊಂಡು, ಗ್ಯಾರೇಜಿನಿಂದ ಗ್ಯಾರೇಜಿಗೆ ಸ್ಕೂಟರ್ ಮೇಲೆ ಓಡಾಡತೊಡಗಿದ.

ಅವನು ಕೆಲಸ ಮಾಡುವುದನ್ನು ನೋಡಬೇಕು. ಮೊದಲು ಗ್ಯಾರೇಜಿನವರು ಸ್ಟೂಲ್ ಒರೆಸಿ ಹಾಕಬೇಕು. ಆಮೇಲೆ ಚಹಾ. ಚಹಾ ಕುಡಿದು, ಗಾಡಿಯ ಸೀಟಿನ ಮೇಲೆ ತನ್ನ ಕರವಸ್ತ್ರ ಹಾಸಿ ಕೂರುತ್ತಾನೆ. ಸ್ಟೀರಿಂಗಿನ ಕೆಳಗಿರುವ ಸಾಕೆಟ್ಟಿಗೆ ಕೇಬಲ್ ಚುಚ್ಚುತ್ತಾನೆ. ಪರದೆ ಬೆಳಗಿದ ಮೇಲೆ ಕನ್ನಡಕ ಏರಿಸಿ, ಒಂದೊಂದೇ ಶಬ್ದ ಬಿಡಿಸಿ ಓದುತ್ತಾನೆ. ನಂತರ ತೀರ್ಪು. ಬಾನೆಟ್ ತೆಗೆದು ನೋಡುವ ಪ್ರಶ್ನೆಯೇ ಇಲ್ಲ, ಅದೆಲ್ಲ ಕೂಲಿಯವರ ಕೆಲಸ.

ಈ ಓದುವುದರಲ್ಲೇ ಅವನ ಮೂರ್ಖತನ ಇದೆ. ಅದು ತಿಳಿಯಬೇಕಾದರೆ ಒಂದು ಸಣ್ಣ ವಿಷಯ ಹೇಳಬೇಕು. ಈಗಿನ ಗಾಡಿಗಳಲ್ಲಿ ಇಂಜಿನ್‌ಗೆ ಒಂದು ಪುಟ್ಟ ಕಂಪ್ಯೂಟರ್, ಬ್ರೇಕಿಗೆ ಒಂದು, ವೇಗ ತೋರಿಸುವ ಮೀಟರಿಗೆ ಒಂದು, ಹೀಗೆ ಹಲವು ಇರುತ್ತವೆ. ಹೆಣೆದುಕೊಂಡ ಎರಡು ತೆಳು ವೈರುಗಳ ಮೇಲೆ ಇವೆಲ್ಲ ಪರಸ್ಪರ ಮಾತಾಡಿಕೊಳ್ಳುತ್ತವೆ. ಬ್ರೇಕಿನ ಕಂಪ್ಯೂಟರ್ ಮಾತು ಕೇಳಿಸದಿದ್ದರೆ ಉಳಿದವು ‘ಬ್ರೇಕಿನ ಮಾತು ಬರುತ್ತಿಲ್ಲ’ ಎಂದು ದೂರು ಗುರುತು ಮಾಡಿಕೊಳ್ಳುತ್ತವೆ. ಪರದೆಯ ಮೇಲೆ ಬರುವುದು ಈ ದೂರು. ದೂರಿಗೆ ಕಾರಣ ಬ್ರೇಕಿನ ಕಂಪ್ಯೂಟರ್ ಇರಬಹುದು, ನಡುವಿನ ವೈರು ಇರಬಹುದು, ಒಂದು ಸಡಿಲ ಸಾಕೆಟ್ ಇರಬಹುದು. ಎಲ್ಲಿ ಎಂದು ವಿದ್ಯುತ್ ಅಳೆಯುವ ಮೀಟರ್ ಹಿಡಿದು, ಒಂದೊಂದೇ ಕೊಂಡಿ ಬಿಚ್ಚಿ ಹುಡುಕಬೇಕು. ಶೀನಣ್ಣ ಹುಡುಕುವುದಿಲ್ಲ. ಯಾರ ಹೆಸರು ದೂರಿನಲ್ಲಿ ಇದೆಯೋ ಅವನೇ ಅಪರಾಧಿ. ‘ಬ್ರೇಕ್ ಕಾ ಕಂಪ್ಯೂಟರ್ ಖತಂ, ಬದಲ್ ದೋ,’ ಎಂದು ಎದ್ದುಬಿಡುತ್ತಾನೆ. ಎಷ್ಟು ಒಳ್ಳೆಯ ಕಂಪ್ಯೂಟರುಗಳನ್ನು ಇವನು ಗುಜರಿಗೆ ಕಳಿಸಿದ್ದಾನೋ ದೇವರಿಗೇ ಗೊತ್ತು.

ನಾನು ಎಷ್ಟೋ ಸಲ ಜಗಳ ಮಾಡಿದ್ದೇನೆ. ‘ಶೀನಣ್ಣ, ನಾಕ್ ಮಂದಿ ಕೂಡಿ ಒಬ್ಬಾಂವನ ಮ್ಯಾಲ ದೂರು ಹೇಳಿದ್ರ ಅಂವನ ಕಳ್ಳ ಅಂತೀಯೇನು? ವೈರ್ ನೋಡಬೇಕು.’ ಅವನದು ಒಂದೇ ಉತ್ತರ: ‘ಮಂದಾ, ಸ್ಕ್ರೀನ್ ಸುಳ್ಳು ಹೇಳೂದಿಲ್ಲ. ಮನುಷ್ಯಾ ಹೇಳ್ತಾನ.’ ಇದನ್ನು ಹೇಳುವಾಗ ಅವನು ನನ್ನ ಉಗುರುಗಳನ್ನೇ ನೋಡುತ್ತಾನೆ.

ಇದಕ್ಕಿಂತ ಹೇಸಿಗೆ ತರಿಸುವುದು ಆ ಕೇಬಲ್. ಅದು ಮಡಿಯಲ್ಲಿದೆ. ನಗಬೇಡಿ, ನಿಜವಾಗಿಯೂ ಮಡಿಯಲ್ಲಿದೆ. ಗ್ಯಾರೇಜಿನವರು ಮುಟ್ಟುವಂತಿಲ್ಲ, ಗಾಡಿಯವರು ಮುಟ್ಟುವಂತಿಲ್ಲ, ನಾನಂತೂ ಹತ್ತಿರ ಹೋಗುವಂತಿಲ್ಲ. ರೇಷ್ಮೆಯ ಒಂದು ಹಳೆ ತುಂಡಿನಲ್ಲಿ ಸುತ್ತಿ ಇಡುತ್ತಾನೆ. ಅಮಾವಾಸ್ಯೆಗೆ ಗಾಡಿಗೆ, ನಟ್ಟು ಬಿಚ್ಚುವ ಪಾನಾಗಳಿಗೆ ಪೂಜೆ ಮಾಡುವುದನ್ನು ಗ್ಯಾರೇಜಿನವರಿಂದ ಕಲಿತ. ಅವರು ಕಾಯಿ ಒಡೆದು, ಊದುಬತ್ತಿ ಹಚ್ಚಿ ಮುಗಿಸುತ್ತಾರೆ. ಇವನು ತನ್ನ ಪಾಂಡಿತ್ಯ ಸೇರಿಸಿದ. ಯಂತ್ರ ಮಾತಾಡುವುದು ಕೇಬಲಿನ ತುದಿಯ ಪ್ಲಗ್ಗಿನಿಂದ, ಆದ್ದರಿಂದ ಅದು ಯಂತ್ರದ ಬಾಯಿ, ಪೂಜೆ ಬಾಯಿಗೇ ಸಲ್ಲಬೇಕು ಎಂದು ತೀರ್ಮಾನಿಸಿ ಪ್ಲಗ್ಗಿನ ಮುಖಕ್ಕೇ ಗಂಧ ಹಚ್ಚುತ್ತಾನೆ. ದೇವರ ಮನೆಯ ಮಾರುತಿಗೆ ಗಂಧದ ಮೇಲೆ ಬೆಳ್ಳಿಯ ವರ್ಕ್ ಅಂಟಿಸುವ ಪದ್ಧತಿ ಇದೆ. ಚಾರ್‌ಮಿನಾರ್ ಹತ್ತಿರ ಬಡಿದು ಮಾಡುತ್ತಾರಲ್ಲ, ಮಿಠಾಯಿಯ ಮೇಲೂ ಇರುತ್ತದಲ್ಲ, ಊದಿದರೆ ಹಾರಿಹೋಗುವ ಆ ಬೆಳ್ಳಿ ಹಾಳೆ. ಮಾರುತಿಗೆ ಹಚ್ಚಿ ಉಳಿದ ಚೂರು ಯಂತ್ರದ ಬಾಯಿಗೆ.

‘ಅಮಾಸಿ ಪೂಜಾ ಆದ ಮ್ಯಾಲ ಮಷಿನ್ ದೃಷ್ಟಿ ಭಾಳ ಚುರುಕಾಗ್ತದ,’ ಎಂದು ಅವನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಾನೆ. ‘ಅವತ್ತಿನ ಮೊದಲ್ನೇ ಗಾಡೀದು ಹುಳುಕೆಲ್ಲಾ ಹೊರಗ ಬರ್ತದ.’ ಬಡಿಸುತ್ತಿದ್ದ ಸುಹಾಸಿನಿ ಹೌದೆಂಬಂತೆ ತಲೆಯಾಡಿಸುತ್ತಿದ್ದಳು. ನಾನು ಸಾರನ್ನ ಕಲಸುತ್ತ, ಇವನ ಬಾಯಿಗೂ ಯಾರಾದರೂ ಏನಾದರೂ ಅಂಟಿಸಬಾರದೇ ಎಂದುಕೊಳ್ಳುತ್ತಿದ್ದೆ. ಅವನ ಮೊದಲ ಗಾಡಿಯ ಮಾತಿಗೆ ಆಗಲೇ ಕಿವಿಗೊಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

ಇನ್ನು ಹಂಪಯ್ಯನ ವಿಷಯ. ದೇವದುರ್ಗದ ಕಡೆಯವನು. ಮಿಯಾಪುರದಲ್ಲಿ ಈಗ ನಾವೆಲ್ಲ ವಾಸ ಮಾಡುವ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊರಲು ಬಂದು, ಆಮೇಲೆ ಡ್ರೈವಿಂಗ್ ಕಲಿತು, ಒಂದು ಖಾಸಗಿ ಶಾಲೆಯ ವ್ಯಾನ್ ಓಡಿಸುತ್ತಿದ್ದ. ಅದೇ ವ್ಯಾನಿನಲ್ಲಿ ಅವನ ಹೆಂಡತಿ ಗದಿಗೆಮ್ಮ ಆಯಾ. ನನ್ನ ಮಗಳು ಹರ್ಷದಾ ಆ ವ್ಯಾನಿನಲ್ಲೇ ಹೋಗುತ್ತಾಳೆ. ಹುಡುಗರು ಅದಕ್ಕೆ ಎಮ್ಮೆ ವ್ಯಾನ್ ಎಂದು ಹೆಸರಿಟ್ಟಿದ್ದರು, ಏಕೆಂದರೆ ಸೈಕಲ್ಲುಗಳು ಕೂಡ ಅದನ್ನು ಹಿಂದೆ ಹಾಕುತ್ತಿದ್ದವು. ಮಗು ಹತ್ತಿ, ಚೀಲ ತೆಗೆದಿಟ್ಟು, ಕೂತು, ಕಿಟಕಿಯ ಹೊರಗಿಂದ ಕೈ ಒಳಗೆ ತೆಗೆದುಕೊಳ್ಳುವವರೆಗೆ ಹಂಪಯ್ಯ ಗಾಡಿ ಬಿಡುತ್ತಿರಲಿಲ್ಲ. ಹಿಂದಿನಿಂದ ಇಡೀ ಮಿಯಾಪುರ ಹಾರ್ನ್ ಹೊಡೆದರೂ ಅಷ್ಟೇ.

ಬೇಸಿಗೆ ರಜೆಯ ಕೊನೆಗೆ, ಶಾಲೆ ತೆರೆಯುವ ಮುಂಚೆ, ಎಲ್ಲ ವ್ಯಾನುಗಳನ್ನು ಒಮ್ಮೆ ತಪಾಸಣೆ ಮಾಡಿಸಬೇಕೆಂದು ಶಾಲೆಯ ಒಡತಿ ಭವಾನಿ ಮೇಡಂಗೆ ಅನ್ನಿಸಿತು. ಇಲ್ಲಿ ಶಾಲೆಯ ಒಡೆಯರನ್ನು ಕರೆಸ್ಪಾಂಡೆಂಟ್ ಎನ್ನುತ್ತಾರೆ. ಕರೆಸ್ಪಾಂಡೆಂಟ್ ಮೇಡಂಗೆ ಯಾರೋ ಸ್ಕ್ಯಾನರ್ ಸಾಬ್ ಹೆಸರು ಹೇಳಿದರು. ಅವನು ನನ್ನ ಅಣ್ಣ ಎಂದು ತಿಳಿದು ಆಕೆಗೆ ಇನ್ನಷ್ಟು ನಂಬಿಕೆ ಬಂತಂತೆ. ಅಂದರೆ ನನ್ನ ಹೆಸರಿನ ಮರ್ಯಾದೆಯನ್ನೂ ಇವನು ಬಳಸಿಕೊಂಡ.

ಏನು ನಡೆಯಿತೆಂದು ನನಗೆ ಮೊದಲು ತಿಳಿದದ್ದು ಪೋಷಕರ ವಾಟ್ಸಾಪ್ ಗುಂಪಿನಿಂದ. ‘ಮಿಯಾಪುರ ವ್ಯಾನಿನ ಡ್ರೈವರ್ ವೇಗ ಮಿತಿ ಮೀರದಂತೆ ತಡೆಯುವ ಸ್ಪೀಡ್ ಗವರ್ನರ್ ಕೆಡಿಸಿ ಮಕ್ಕಳನ್ನು ಅತಿವೇಗದಲ್ಲಿ ಒಯ್ಯುತ್ತಿದ್ದದ್ದು ತಪಾಸಣೆಯಲ್ಲಿ ಪತ್ತೆಯಾಗಿದೆ. ಅವನನ್ನು ನಿಲ್ಲಿಸಲಾಗಿದೆ.’ ಕೆಳಗೆ ಪೋಷಕರ ಶಾಪಗಳು. ರಜೆಗೆ ಮುಂಚೆ ಇದೇ ಜನ ಎಮ್ಮೆ ವ್ಯಾನ್ ತಡವಾಯಿತೆಂದು ಬೈದಿದ್ದರು. ಓದಿ ನನ್ನ ಮೈ ಉರಿಯಿತು.

ಸಂಜೆ ಹಂಪಯ್ಯ, ಗದಿಗೆಮ್ಮ ಇಬ್ಬರೂ ಮನೆಗೆ ಬಂದರು. ಕುರ್ಚಿ ಕೊಟ್ಟರೂ ಹಂಪಯ್ಯ ಕೂರಲಿಲ್ಲ.

‘ಅಕ್ಕಾರ, ನಾ ಯಾ ವೈರಿಗೂ ಕೈ ಹಚ್ಚಿಲ್ಲರಿ. ಆ ವೈರು ಎಲ್ಲೈತಿ ಅನ್ನೂದ ನನಗ ಗೊತ್ತಿಲ್ಲ. ಸಾಹೇಬ್ರು ಗಾಡಿ ಚಾಲೂ ಮಾಡು ಅಂದ್ರು, ಮಾಡಿದ್ನಿ. ಅವರು ಚುಚ್ಚಿದ್ರು, ಮೀಟರಿನ ಮುಳ್ಳೆಲ್ಲಾ ದಪ್ಪಂತ ಬಿದ್ವು. ಕಿತ್ತು ಮತ್ತ ಚುಚ್ಚಿದ್ರು. ಏನೇನೋ ಓದಿದ್ರು. ಎದ್ದು ನಿಂತು, ಇಂವ ವೈರ್ ಕತ್ತರಿಸ್ಯಾನ, ಸ್ಪೀಡ್ ಗವರ್ನರ್ ಬಾಯಿ ಮುಚ್ಚಿಸ್ಯಾನ ಅಂದ್ರು.’

‘ಇವನ ಕೈಲೆ ಗಾಡಿ ಜೋರ ಓಡಸಾಕ ಆಗತೈತೇನ್ರಿ?’ ಎಂದಳು ಗದಿಗೆಮ್ಮ. ಅಳು ಸಿಟ್ಟು ಎರಡೂ ಒಟ್ಟಿಗೆ ಬಂದಿದ್ದವು. ‘ನಾ ಹಿಂದ ಕುಂತು ಬೈಕೋತ ಹೋಗ್ತೀನಿ, ಸ್ವಲ್ಪ ಒತ್ತೋ ಅಂತ. ಈಗ ಮೇಡಂ ಆರ್‌ಟಿಓಕ್ಕ ಬರೀತೀನಿ ಅನ್ನಾಕತ್ಯಾಳ. ಲೈಸನ್ಸ ಹೋದ್ರ ಮತ್ತ ಇಟ್ಟಂಗಿ ಹೊರಬೇಕ್ರಿ ಇಂವ. ಬೆನ್ನು ಎಲ್ಲೈತಿ?’

ಹಂಪಯ್ಯ ತಲೆ ಎತ್ತಿದ. ‘ಇಟ್ಟಂಗಿ ಹೊರತೀನಿರಿ. ಹುಡುಗ್ರನ್ನ ಕೊಲ್ಲಾಂವ ಅಂತ ಹೆಸರು ಹೊರೂದು ಆಗೂದಿಲ್ಲ.’

ಮರುದಿನ ನಾನು ನನ್ನ ಅಳೆಯುವ ಮೀಟರ್ ತೆಗೆದುಕೊಂಡು ಶಾಲೆಗೆ ಹೋದೆ. ವ್ಯಾನಿನ ಕೆಳಗೆ ಮಲಗಿ, ಡ್ಯಾಶ್‌ಬೋರ್ಡ್ ಬಿಚ್ಚಿ, ಆ ಎರಡು ವೈರುಗಳನ್ನು ತುದಿಯಿಂದ ತುದಿಗೆ ನೋಡಿದೆ. ಕಾರ್ಖಾನೆಯಲ್ಲಿ ಸುತ್ತಿದ ಟೇಪು ಹಾಗೇ ಇತ್ತು, ಟೇಪಿನ ಮೇಲೆ ವರ್ಷಗಳ ಧೂಳು ಹಾಗೇ ಇತ್ತು. ಎರಡು ವೈರುಗಳ ನಡುವೆ ಮೀಟರ್ ಇಟ್ಟೆ. ಅರವತ್ತು ಓಮ್ ತೋರಿಸಬೇಕು, ಅರವತ್ತೇ ತೋರಿಸಿತು. ತುಂಡಾಗಿದ್ದರೆ ಹೆಚ್ಚು ಬರುತ್ತದೆ, ಒಂದಕ್ಕೊಂದು ತಗುಲಿದ್ದರೆ ಸೊನ್ನೆಗೆ ಇಳಿಯುತ್ತದೆ. ಇಷ್ಟು ಆರೋಗ್ಯವಾಗಿರುವ ಗಾಡಿ ನಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲೂ ಇಲ್ಲ. ಹೀಗೆಂದು ಭವಾನಿ ಮೇಡಂಗೆ ಹೇಳಿದೆ.

‘ಮೀ ಅನ್ನಯ್ಯೇ ಕದಂಡಿ ಚೆಪ್ಪಿಂದಿ?’ ಎಂದಳು ಆಕೆ. ಹೇಳಿದವನು ನಿಮ್ಮ ಅಣ್ಣನೇ ತಾನೇ, ಎಂದು. ಅಣ್ಣನನ್ನು ಆರಿಸಿಕೊಳ್ಳುವ ಅವಕಾಶ ನನಗೆ ಇರಲಿಲ್ಲ ಎಂದೆ. ಆಕೆ ನಗಲಿಲ್ಲ. ಶೀನಣ್ಣನಿಗೆ ಫೋನ್ ಮಾಡಿ ಕರೆಸಿದಳು.

ಅವನು ಬಂದ, ಕರವಸ್ತ್ರ ಹಾಸಿದ, ರೇಷ್ಮೆ ಬಿಚ್ಚಿದ, ಚುಚ್ಚಿದ. ಮೊನ್ನೆ ಬಂದ ದೂರುಗಳನ್ನು ಅವನೇ ಅಳಿಸಿದ್ದ. ಈಗ ಪರದೆಯ ಮೇಲೆ ಒಂದು ದೂರೂ ಇಲ್ಲ. ಮೀಟರಿನ ಮುಳ್ಳುಗಳು ಅಲುಗಲಿಲ್ಲ. ಹಂಪಯ್ಯ ದೂರದಲ್ಲಿ ನಿಂತು ಉಸಿರು ಬಿಟ್ಟ. ನಾನು ಗೆದ್ದೆ ಎಂದುಕೊಂಡೆ.

ಶೀನಣ್ಣ ನಿಧಾನವಾಗಿ ಕನ್ನಡಕ ಒರೆಸಿಕೊಂಡ. ಮೇಡಂಗೆ ತೆಲುಗಿನಲ್ಲಿ ಹೇಳಿ, ನನಗೆ ಉರಿಯಲಿ ಎಂದು ಕನ್ನಡದಲ್ಲೂ ಹೇಳಿದ: ‘ಕಳ್ಳ ಸಿಕ್ಕಿಬಿದ್ದ ಮ್ಯಾಲ ವೈರ್ ಜೋಡಿಸಿ ಇಟ್ಟಾನ. ಇದಕ್ಕಿಂತ ಸಾಕ್ಷಿ ಬ್ಯಾರೆ ಬೇಕೇನು? ಆ ವಾಚ್‌ಮನ್ ಲಿಂಗಣ್ಣನೂ ಅವನ ಊರಾಂವನ ಇದ್ದಾನ, ಗೇಟ್ ತಗದಿರ್ತಾನ.’

ದೋಷ ಇದ್ದರೂ ಹಂಪಯ್ಯ ಕಳ್ಳ, ಇಲ್ಲದಿದ್ದರೆ ಇನ್ನೂ ದೊಡ್ಡ ಕಳ್ಳ. ಜೊತೆಗೆ ಪಾಪದ ಲಿಂಗಣ್ಣನ ಕುತ್ತಿಗೆಗೂ ಹಗ್ಗ. ಟೇಪಿನ ಮೇಲಿನ ಧೂಳನ್ನೂ ರಾತ್ರಿ ತಂದು ಹಚ್ಚಿದ್ದಾನೇನು ಎಂದು ಕೇಳಿದೆ. ‘ಅಂಥಾ ಕಲಾ ಇವರಿಗೆ ಬರ್ತಾವ,’ ಎಂದ ನಮ್ಮ ಮನೆತನದ ಕುಲದೀಪಕ. ಭವಾನಿ ಮೇಡಂ ಕೈ ಜೋಡಿಸಿ, ತನ್ನ ಶಾಲೆಯ ಮಕ್ಕಳ ಜೀವದ ವಿಷಯದಲ್ಲಿ ಅನುಮಾನಕ್ಕೆ ಜಾಗವಿಲ್ಲ, ನಾಳೆ ಆರ್‌ಟಿಓಗೆ ಬರೆಯುತ್ತೇನೆ ಎಂದು ಎದ್ದಳು.

ಅಂಗಳದ ಬೇವಿನ ಕೆಳಗೆ ಕೂತು ಸುಹಾಸಿನಿಗೆ ಫೋನ್ ಮಾಡಿದೆ. ನಿಜ ಹೇಳುತ್ತೇನೆ, ಗಂಡನ ಮೇಲೆ ಒಂದಿಷ್ಟು ಕೂಗಾಡಿ ಹಗುರಾಗಬೇಕೆಂದೇ ಮಾಡಿದ್ದು. ಅವಳು ಪೂರಾ ಕೇಳಿಸಿಕೊಂಡಳು.

‘ಮಂದಾ, ಅವರು ಅವತ್ತು ತಪ್ಪು ಮಾಡಿರ್ಲಿಕ್ಕಿಲ್ಲ. ಅಮಾಸಿ ಇತ್ತಲ್ಲ? ಪೂಜಾ ಮಾಡಿಕೊಂಡು, ನೇರ ಸಾಲಿಗೇ ಹೋದ್ರು. ಆ ವ್ಯಾನ ಮೊದಲ್ನೇ ಗಾಡಿ. ಹೋದ ಅಮಾಸಿಗೂ ಹಿಂಗ ಬೇಗಂಪೇಟೆ ಟ್ಯಾಕ್ಸಿಯಾಂವಂದು ಎಲ್ಲಾ ಕಂಪ್ಯೂಟರ್ ಖರಾಬ್ ಅಂತ ಬಂತು. ಅಮಾಸಿ ಮೊದಲ್ನೇ ಗಾಡೀದು ಯಾವಾಗಲೂ ಹಂಗ.’

ಯಾವಾಗಲೂ ಹಾಗೆ. ಊಟಕ್ಕೆ ಕೂತಾಗಲೆಲ್ಲ ಅವನು ಹೇಳುತ್ತಿದ್ದ ಮಾತು ನೆನಪಾಯಿತು. ಬಾಯಿಗೆ ಗಂಧ, ಗಂಧದ ಮೇಲೆ ವರ್ಕ್. ವರ್ಕ್ ಎಂದರೆ ಶುದ್ಧ ಬೆಳ್ಳಿ. ಆ ಎರಡು ವೈರುಗಳಿಗೆ ತಗುಲುವ ಕಡ್ಡಿಗಳು ಪ್ಲಗ್ಗಿನಲ್ಲಿ ಸರಿಯಾಗಿ ಒಂದರ ಕೆಳಗೊಂದು ಇರುತ್ತವೆ. ಅವುಗಳ ಮೇಲೆ ಬೆಳ್ಳಿಯ ಹಾಳೆ ಅಂಟಿಸಿ ಗಾಡಿಗೆ ಚುಚ್ಚಿದರೆ ಎರಡೂ ವೈರು ಒಂದಾಗುತ್ತವೆ, ಇಡೀ ಗಾಡಿ ಮೂಕವಾಗುತ್ತದೆ. ಎಲ್ಲ ಕಂಪ್ಯೂಟರುಗಳೂ ಒಂದರ ಮೇಲೊಂದು ದೂರು ಬರೆದುಕೊಳ್ಳುತ್ತವೆ. ಕಿತ್ತರೆ ತೆಳು ಹಾಳೆ ಹರಿದು ಉದುರುತ್ತದೆ. ಎರಡನೇ ಸಲ ಚುಚ್ಚಿದಾಗ ದೂರುಗಳು ಮಾತ್ರ ಸಿಗುತ್ತವೆ, ಮುಂದಿನ ಗಾಡಿಗಳು ಬಚಾವಾಗುತ್ತವೆ. ಕೇಬಲ್ ಮಡಿಯಲ್ಲಿ ಇರುವುದರಿಂದ ಯಾರೂ ಅದನ್ನು ಮುಟ್ಟಿ ನೋಡಿಲ್ಲ. ರೋಗವನ್ನು ಅವನೇ ಕೈಯಾರೆ ಹೊತ್ತು ತಂದು ಗಾಡಿಗೆ ಅಂಟಿಸಿ, ಆಮೇಲೆ ಗಾಡಿಯವನನ್ನು ಕಳ್ಳ ಎನ್ನುತ್ತಿದ್ದ.

ಆಗಲೇ ಹೋಗಿ ಕುತ್ತಿಗೆ ಪಟ್ಟಿ ಹಿಡಿಯಬಹುದಿತ್ತು. ಹಿಡಿದರೆ ಅವನು ಪ್ಲಗ್ ಒರೆಸಿ, ‘ಎಲ್ಲದ ವರ್ಕು?’ ಎನ್ನುತ್ತಿದ್ದ. ಆದ್ದರಿಂದ ನನ್ನ ನಾಲಿಗೆಗೆ ಸಕ್ಕರೆ ಸವರಿಕೊಂಡೆ. ಸ್ಕೂಟರ್ ಹತ್ತುತ್ತಿದ್ದವನ ಹತ್ತಿರ ಹೋಗಿ, ‘ಶೀನಣ್ಣ, ಇವನು ಭಾಳ ಚಾಲಾಕಿ ಇದ್ದಾನ. ನಾಳೆ ಇಲ್ಲೇ ಮೇಡಂ ಮುಂದ ಮಷಿನ್ ಪೂಜಾ ಮಾಡಿ, ಮತ್ತ ಒಮ್ಮೆ ನೋಡು. ಪೂಜಾ ಆದ ಮ್ಯಾಲ ಅದರ ದೃಷ್ಟಿಯಿಂದ ಏನೂ ತಪ್ಪಿಸಿಕೊಳ್ಳೂದಿಲ್ಲ ಅಂತೀಯಲ್ಲ?’ ಎಂದೆ.

ಅವನ ಮುಖ ಅರಳಿತು. ಇಷ್ಟು ವರ್ಷಗಳಲ್ಲಿ ನಾನು ಅವನ ಮಾತು ಒಪ್ಪಿದ್ದು ಅದೇ ಮೊದಲು. ‘ಈಗ ಬುದ್ಧಿ ಬಂತು ನೋಡು ನಿನಗ,’ ಎಂದ. ಅಮಾವಾಸ್ಯೆ ಕಳೆದಿದೆಯಲ್ಲ ಎಂದು ಕೂಡ ಅವನಿಗೆ ಹೊಳೆಯಲಿಲ್ಲ. ಹೊಗಳಿದರೆ ಇವನು ಯಾವ ತಿಥಿಯಲ್ಲಿ ಬೇಕಾದರೂ ಪೂಜೆ ಮಾಡುತ್ತಾನೆ.

ಪತ್ರ ಬರೆಯುವ ಮುಂಚೆ ಇದೊಂದು ನೋಡಿಬಿಡಿ ಎಂದು ಭವಾನಿ ಮೇಡಂ ಅವರನ್ನು ಒಪ್ಪಿಸಿದೆ. ಮರುದಿನ ಬೆಳಿಗ್ಗೆ ಶಾಲೆಯ ಪೋರ್ಟಿಕೋದಲ್ಲಿ ಸಮಾರಂಭ. ಮಣೆಯ ಮೇಲೆ ರೇಷ್ಮೆ, ರೇಷ್ಮೆಯ ಮೇಲೆ ಸ್ಕ್ಯಾನರ್. ಭವಾನಿ ಮೇಡಂ ಚಪ್ಪಲಿ ಬಿಟ್ಟು ನಿಂತಿದ್ದಳು. ಹಂಪಯ್ಯ, ಗದಿಗೆಮ್ಮ ಕಂಬದ ಹಿಂದೆ. ಶೀನಣ್ಣ ಮಂತ್ರ ಹೇಳಿ, ಪ್ಲಗ್ಗಿನ ಮುಖಕ್ಕೆ ಗಂಧ ಸವರಿ, ಕಾಗದದ ನಡುವಿನಿಂದ ವರ್ಕ್ ಎತ್ತಿ, ಉಸಿರು ಬಿಗಿಹಿಡಿದು ಅಂಟಿಸಿದ. ಬೆರಳ ತುದಿಯಿಂದ ಒತ್ತಿ ಕೂರಿಸಿದ. ನನಗಂತೂ ಆ ಕೈಗೆ ಮುತ್ತಿಡಬೇಕು ಅನ್ನಿಸಿತು.

ಅವನು ವ್ಯಾನಿನ ಕಡೆ ಹೊರಟಾಗ ನಾನು ಅಡ್ಡ ಬಂದೆ. ‘ಮೊದಲ್ನೇ ದೃಷ್ಟಿ ಮೇಡಂ ಕಾರಿಗೆ ಆಗಲಿ. ಹೊಸಾ ಕಾರು, ಎಲ್ಲಾ ಸರಿ ಅದ ಅಂತ ತೋರಿಸಿದ್ರ ವ್ಯಾನಿಂದು ಇನ್ನೂ ಪಕ್ಕಾ ಆಗ್ತದ.’ ಪುಕ್ಕಟೆ ತಪಾಸಣೆಗೆ ಭವಾನಿ ಮೇಡಂ ಬೇಡ ಅನ್ನಲಿಲ್ಲ. ಕಾರು ಚಾಲೂ ಮಾಡಿ ಇಳಿದಳು. ಶೀನಣ್ಣ ಕರವಸ್ತ್ರ ಹಾಸಿ ಕೂತು, ಚುಚ್ಚಿದ.

ಮೀಟರಿನ ಮುಳ್ಳುಗಳು ಬಿದ್ದವು. ಕೆಂಪು ಹಳದಿ ದೀಪಗಳು ಒಟ್ಟಿಗೆ ಹತ್ತಿಕೊಂಡವು, ಏನೋ ಕೂಗತೊಡಗಿತು. ಭವಾನಿ ಮೇಡಂ ‘ಅಯ್ಯೋ ನಾ ಕಾರು!’ ಎಂದು ಎದೆ ಹಿಡಿದುಕೊಂಡಳು. ಈಗಲಾದರೂ ನಮ್ಮ ಸಾಹೇಬರಿಗೆ ಒಂದು ಅನುಮಾನ ಬರಬೇಕಿತ್ತು. ಅವನು ಪರದೆ ನೋಡಿ, ಕನ್ನಡಕ ಏರಿಸಿ, ಗಂಭೀರವಾಗಿ ತೆಲುಗಿನಲ್ಲಿ ಹೇಳಿದ:

‘ಮೇಡಂ, ನಿಮ್ಮ ಕಾರಿನ ವೈರೂ ಕತ್ತರಿಸಿದ್ದಾರೆ. ನಿಮ್ಮ ಡ್ರೈವರ್ ಯಾರು?’

‘ನೇನೇ,’ ಎಂದಳು ಭವಾನಿ ಮೇಡಂ. ನಾನೇ, ಎಂದು.

ಅವನು ಕೇಬಲ್ ಕೀಳಲು ಹೋದ. ನಾನು ಅವನ ಮುಂಗೈ ಗಟ್ಟಿಯಾಗಿ ಹಿಡಿದೆ. ‘ಮಂದಾ, ಮಡಿ!’ ಎಂದು ಕೂಗಿದ. ‘ಹಾಳಾಗಿ ಹೋಗಲಿ ನಿನ್ನ ಮಡಿ,’ ಎಂದು ಪ್ಲಗ್ಗನ್ನು ಮೆಲ್ಲಗೆ, ಅಲುಗಿಸದೆ ಎಳೆದೆ. ಹಾಳೆ ಅಲ್ಲಲ್ಲಿ ಹರಿದಿತ್ತು, ಆದರೆ ನನಗೆ ಬೇಕಾದ ಎರಡು ಕಡ್ಡಿಗಳ ನಡುವೆ ಬೆಳ್ಳಿ ಇನ್ನೂ ಮಿನುಗುತ್ತಿತ್ತು. ಮೀಟರ್ ಇಟ್ಟೆ. ಸೊನ್ನೆ. ಭವಾನಿ ಮೇಡಂಗೆ ತೋರಿಸಿದೆ. ನನ್ನ ಗ್ರೀಸ್ ಹತ್ತಿದ ದುಪಟ್ಟಾದ ಸೆರಗಿನಿಂದ ಗಂಧ, ವರ್ಕ್ ಎಲ್ಲ ತಿಕ್ಕಿ ತೆಗೆದು, ಕಾರು ಬಂದ್ ಮಾಡಿ ಮತ್ತೆ ಚಾಲೂ ಮಾಡಿ, ನಾನೇ ಚುಚ್ಚಿದೆ. ಮುಳ್ಳುಗಳು ಎದ್ದು ನಿಂತವು. ಪರದೆಯ ಮೇಲೆ ದೂರುಗಳ ಸಾಲು ಬಂತು: ಬ್ರೇಕಿನ ಮಾತಿಲ್ಲ, ಮೀಟರಿನ ಮಾತಿಲ್ಲ, ಇಂಜಿನ್ನಿನ ಮಾತಿಲ್ಲ. ಹಂಪಯ್ಯನ ವ್ಯಾನಿನಲ್ಲಿ ಬಂದದ್ದೂ ಇದೇ.

‘ಮೇಡಂ, ಈಗ ನಿಮ್ಮ ಹೆಸರನ್ನೂ ಆರ್‌ಟಿಓಗೆ ಬರೆಯೋಣವಾ?’ ಎಂದು ತೆಲುಗಿನಲ್ಲಿ ಕೇಳಿದೆ. ಆಕೆ ನನ್ನ ಕಡೆ ನೋಡಲಿಲ್ಲ, ಶೀನಣ್ಣನನ್ನೇ ನೋಡುತ್ತಿದ್ದಳು. ಅವನು ಪ್ಲಗ್ಗಿನ ಕಡೆ ಬೆರಳು ತೋರಿಸಿ, ‘ಮಷಿನ್ ತಪ್ಪು ಮೇಡಂ, ಚೀನಾ ಮಾಲು,’ ಎಂದ.

ಭವಾನಿ ಮೇಡಂ ಹಂಪಯ್ಯನನ್ನು ಕರೆದು, ವ್ಯಾನಿನ ಚಾವಿ ಮುಂದೆ ಹಿಡಿದು, ಇನ್ನು ವ್ಯಾನ್ ನೀನೇ ಓಡಿಸು, ಗುಂಪಿನಲ್ಲಿ ತಾಂತ್ರಿಕ ತೊಂದರೆ ಆಗಿತ್ತೆಂದು ಹಾಕಿಬಿಡುತ್ತೇನೆ ಎಂದಳು. ಗದಿಗೆಮ್ಮ ಕಣ್ಣು ಒರೆಸಿಕೊಂಡಳು. ಹಂಪಯ್ಯ ಚಾವಿಗೆ ಕೈ ಚಾಚಲಿಲ್ಲ.

‘ಅಕ್ಕಾರ, ಮೇಡಂಗ ಹೇಳ್ರಿ,’ ಎಂದ ನನಗೆ. ‘ತಾಂತ್ರಿಕ ಅಂದ್ರ ಯಾರಿಗೂ ತಿಳಿಯೂದಿಲ್ಲ. ಇಂವ ಹೆಂಗೋ ಮೇಡಂನ ಹಿಡದು ಬಚಾವಾದ ಅಂತಾರ. ನನ್ನ ಕಳ್ಳ ಅಂದದ್ದು ಸಾಹೇಬ್ರ ಬಾಯಿ. ಸಾಲಿ ಸುರು ಆಗೂ ದಿನಾ ಸಾಹೇಬ್ರು ನನ್ನ ಗಾಡ್ಯಾಗ ಬರಬೇಕು. ಸ್ಟಾಪ್ ಸ್ಟಾಪಿಗೆ ತಂದೆ ತಾಯಿಗೆ ಅವರ ಬಾಯಿಲೆ ಹೇಳಬೇಕು. ಆಮ್ಯಾಲ ಚಾವಿ ಕೊಡ್ರಿ.’

ಶೀನಣ್ಣನ ಮುಖ ಸುಣ್ಣದಂತಾಯಿತು. ತಾನು ಯಾರ ಮೊಮ್ಮಗ, ಯಾವ ಮನೆತನ ಎಂದು ಶುರುಮಾಡಿದ. ಭವಾನಿ ಮೇಡಂ ಕೈ ಎತ್ತಿ ತಡೆದಳು. ಬರದಿದ್ದರೆ ಈ ವರ್ಕಿನ ಕಥೆಯನ್ನು ಮೆಹದಿಪಟ್ಟಣಂನ ಪ್ರತಿ ಗ್ಯಾರೇಜಿಗೂ ತಾನೇ ಹೋಗಿ ಹೇಳುವೆ ಎಂದಳು. ಅವನು ಒಪ್ಪಿಕೊಂಡ. ಸತ್ಯಕ್ಕೆ ಹೆದರದವನು ಗಿರಾಕಿ ಹೋಗುತ್ತಾನೆಂದರೆ ಹೆದರುತ್ತಾನೆ.

ಶಾಲೆ ತೆರೆದ ದಿನ ಬೆಳಿಗ್ಗೆ ಎಮ್ಮೆ ವ್ಯಾನ್ ನಮ್ಮ ಅಪಾರ್ಟ್‌ಮೆಂಟಿನ ಮುಂದೆ ಬಂದು ನಿಂತಿತು. ಹಂಪಯ್ಯನ ಪಕ್ಕದ ಸೀಟಿನಲ್ಲಿ ಕರವಸ್ತ್ರ ಹಾಸಿಕೊಂಡು ಶೀನಣ್ಣ ಕೂತಿದ್ದ. ಹರ್ಷದಾ ಜೊತೆ ನಾನೂ ಹತ್ತಿದೆ. ಇದನ್ನು ನೋಡದೆ ಇರುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಹೊರಗೆ ಪೋಷಕರು ಮಕ್ಕಳ ಕೈ ಬಿಗಿಯಾಗಿ ಹಿಡಿದು ನಿಂತಿದ್ದರು, ಯಾರೂ ಮಕ್ಕಳನ್ನು ಹತ್ತಿಸಲಿಲ್ಲ.

ಶೀನಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ ತೆಲುಗಿನಲ್ಲಿ ಶುರುಮಾಡಿದ. ನೆಟ್‌ವರ್ಕ್ ಎಂದರೇನು, ದೂರು ಹೇಗೆ ದಾಖಲಾಗುತ್ತದೆ, ಹವೆಯಲ್ಲಿ ತೇವ ಇದ್ದರೆ ಏನಾಗುತ್ತದೆ. ಕೊನೆಗೆ, ‘ಮಷಿನ್ ತಪ್ಪು,’ ಎಂದು ತಲೆ ಒಳಗೆ ಎಳೆದುಕೊಂಡ. ‘ನಡಿಯೋ,’ ಎಂದ ಹಂಪಯ್ಯನಿಗೆ.

ಹಂಪಯ್ಯ ಚಾವಿ ತಿರುಗಿಸಿ ಇಂಜಿನ್ ಬಂದ್ ಮಾಡಿದ. ಎರಡೂ ಕೈ ಸ್ಟೀರಿಂಗಿನ ಮೇಲೆ ಇಟ್ಟು ರಸ್ತೆ ನೋಡುತ್ತ ಕೂತ. ಹಿಂದೆ ಕಾರೊಂದು ಹಾರ್ನ್ ಹೊಡೆಯಿತು, ಆಮೇಲೆ ಬಸ್ಸು, ಆಮೇಲೆ ಆಟೋಗಳ ಸಾಲು. ಯಾರೋ ಇಳಿದು ಬಂದು ಬೈದರು. ಹಂಪಯ್ಯನಿಗೆ ಇದು ಹೊಸದಲ್ಲ, ಮಗು ಕೈ ಒಳಗೆ ತೆಗೆದುಕೊಳ್ಳಲಿ ಎಂದು ಕಾಯುವಾಗಲೂ ಅವನು ಹೀಗೇ ಕೂರುತ್ತಾನೆ. ಶೀನಣ್ಣನ ಬಿಳಿ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತು. ನನ್ನ ಕಡೆ ತಿರುಗಿದ. ನಾನು ನನ್ನ ಉಗುರು ನೋಡಿಕೊಂಡೆ.

‘ನಾದೇ ತಪ್ಪು,’ ಎಂದ ಕೊನೆಗೆ. ಯಾರಿಗೂ ಕೇಳಿಸಲಿಲ್ಲ. ಹಂಪಯ್ಯ ಅಲುಗಲಿಲ್ಲ.

‘ನಾದೇ ತಪ್ಪು!’ ಎಂದು ಕಿಟಕಿಯ ಹೊರಗೆ ಕೂಗಿದ ಶೀನಣ್ಣ. ‘ಇತನು ಏಮೀ ಚೇಯಲೇದು. ನಾದೇ ತಪ್ಪು.’ ಇವನು ಏನೂ ಮಾಡಿಲ್ಲ, ತಪ್ಪು ನನ್ನದೇ ಎಂದು. ಮುಂದೆ ನಿಂತಿದ್ದ ತಾಯಿಯೊಬ್ಬಳು ಮಗನ ಕೈ ಬಿಟ್ಟಳು. ಗದಿಗೆಮ್ಮ ಬಾಗಿಲು ತೆಗೆದು ಹುಡುಗನನ್ನು ಎತ್ತಿಕೊಂಡಳು, ಅವನ ಹಿಂದೆ ಉಳಿದವರೂ ಬಂದರು. ಎಲ್ಲರೂ ಕೂತು, ಚೀಲ ಇಟ್ಟು, ಕೈಗಳು ಒಳಗೆ ಬಂದ ಮೇಲೆ ಹಂಪಯ್ಯ ಗಾಡಿ ಚಾಲೂ ಮಾಡಿದ.

ಮುಂದಿನ ಸ್ಟಾಪ್ ಬಂತು. ಶೀನಣ್ಣ ಕಾಲರ್ ಸರಿಮಾಡಿಕೊಂಡು, ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಮಷಿನ್‌ಲೋ ಏಮೈಂದಂಟೇ...’ ಎಂದು ಮಷಿನ್ನಿನಿಂದಲೇ ಮತ್ತೆ ಶುರುಮಾಡಿದ.

ಹಂಪಯ್ಯ ಇಂಜಿನ್ ಬಂದ್ ಮಾಡಿದ.